ಕೀಬೋರ್ಡಿನ ಪಕ್ಕದ ಬೂದಿ ಡಬ್ಬಿ

ನನ್ನ ಮೇಜಿನ ಮೇಲೆ, ಕೀಬೋರ್ಡಿನ ಪಕ್ಕದಲ್ಲಿ, ಒಂದು ಪುಟ್ಟ ತಗಡಿನ ಡಬ್ಬಿ ಇರುತ್ತದೆ. ಹಿಂದೆ ಯಾವಾಗಲೋ ಅದರಲ್ಲಿ ಸೊಂಟನೋವಿನ ಮುಲಾಮು ಇತ್ತು, ಈಗ ಬೂದಿ ಇದೆ. ನಮ್ಮ ಆಫೀಸಿಗೆ ಮೊದಲ ಸಲ ಬಂದವರು ಡಬ್ಬಿಯನ್ನು ನೋಡಿ, ಆಮೇಲೆ ನನ್ನ ಹಣೆಯ ಮೇಲಿನ ಮೂರು ಗೆರೆ ನೋಡಿ, ‘ದೇವರ ಮ್ಯಾಲ ಭಾಳ ಭಕ್ತಿ ಐತಿ ಬಿಡ್ರಿ ನಿಮಗ’ ಅಂದುಬಿಡುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ. ಪುಕ್ಕಟೆ ಸಿಕ್ಕ ಒಳ್ಳೆಯ ಹೆಸರನ್ನು ಯಾರಾದರೂ ವಾಪಸು ಕೊಡುತ್ತಾರೆಯೇ? ಆದರೆ ನಿಮ್ಮ ಹತ್ತಿರ ಮುಚ್ಚುಮರೆ ಏಕೆ. ಅದು ವಿಭೂತಿ ಅಲ್ಲ. ನಮ್ಮವ್ವ ನೀರೊಲೆಯಿಂದ ತೆಗೆದು, ಹಳೇ ಸೀರೆಯ ತುಂಡಿನಲ್ಲಿ ಸೋಸಿ ಕೊಟ್ಟ ಬರೀ ಒಲೆ ಬೂದಿ. ಅದಕ್ಕೂ ಕಂಪ್ಯೂಟರಿಗೂ ಏನು ಸಂಬಂಧ ಅನ್ನುವುದನ್ನು ಹೇಳಲಿಕ್ಕೇ ಕುಳಿತಿದ್ದೇನೆ. ನಡುವೆ ಎರಡು ಮೂರು ಅಡ್ಡದಾರಿ ಹಿಡಿದರೆ ಸಹಿಸಿಕೊಳ್ಳಿ, ನಮ್ಮ ಕಡೆಯ ಬಸ್ಸುಗಳಿಗೂ ಅದೇ ಅಭ್ಯಾಸ.

ನನ್ನ ಹೆಸರು ಶರಣಮ್ಮ. ನಾರಾಯಣಪೇಟೆಯ ಒಂದು ಪಾರ್ಸೆಲ್ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ನನ್ನದು. ನಾರಾಯಣಪೇಟೆ, ಮಕ್ತಲ್, ಗದ್ವಾಲ, ಈ ಮೂರು ಊರಿನಲ್ಲಿ ನಮ್ಮ ಆಫೀಸುಗಳಿವೆ. ಹೆಚ್ಚಾಗಿ ಸೀರೆ ಪೆಟ್ಟಿಗೆಗಳು. ಇಲ್ಲಿಂದ ಹೈದರಾಬಾದಿಗೆ, ಸೊಲ್ಲಾಪುರಕ್ಕೆ, ಕೃಷ್ಣೆ ದಾಟಿ ರಾಯಚೂರಿಗೆ ಹೋಗುತ್ತವೆ. ಪಾರ್ಸೆಲ್ಲಿಗೆ ನಂಬರು ಕೊಡುವುದು, ಚೀಟಿ ಅಚ್ಚು ಹಾಕುವುದು, ಬಂದ ಪೆಟ್ಟಿಗೆಯನ್ನು ಗೋಡೌನಿನ ಯಾವ ಖಾನೆಯಲ್ಲಿ ಇಟ್ಟಿದೆ ಎಂದು ಹೇಳುವುದು, ಇಷ್ಟೂ ಮಾಡುವ ಪ್ರೋಗ್ರಾಮನ್ನು ನಾನೇ ಬರೆದದ್ದು. ಎಷ್ಟೋ ವರ್ಷ ಕೂತು ಒಂದೊಂದೇ ಕೋಣೆ ಏರಿಸಿದ ಮನೆ ಅದು. ಚಂದ ಇದೆ ಎಂದು ನಾನು ಹೇಳುವುದಿಲ್ಲ, ಆದರೆ ಸೋರುವುದಿಲ್ಲ.

ಮಾಲೀಕರು ವೆಂಕೋಬರಾಯರು. ಗದ್ವಾಲದ ಆಫೀಸಿನಲ್ಲಿ ಕೂರುತ್ತಾರೆ. ಮಂತ್ರಾಲಯದ ಭಕ್ತರು, ಗುರುವಾರ ಒಪ್ಪೊತ್ತು, ಹಣೆಗೆ ಅಂಗಾರದ ಗೆರೆ, ಕಿವಿಯ ಹತ್ತಿರ ಗೋಪಿಚಂದನ. ಅವರು ಮೊದಲ ಸಲ ನನ್ನ ಡಬ್ಬಿ ನೋಡಿದಾಗ ಕುರ್ಚಿಯನ್ನು ಒಂದು ಮೊಳ ಹಿಂದಕ್ಕೆ ಸರಿಸಿಕೊಂಡಿದ್ದರು.

‘ಏನ್ರೀ ಶರಣಮ್ಮ, ಕಂಪ್ಯೂಟರಿಗೂ ವಿಭೂತಿ ಹಚ್ಚಿ ನಿಮ್ಮ ಪೈಕಿ ಮಾಡ್ಕೊಂಡ್ರೇನು?’

‘ವಿಭೂತಿ ಅಲ್ರಿ ರಾಯರ, ಒಲಿ ಬೂದಿ ಐತಿ. ಮುಟ್ಟಿದ್ರ ಏನೂ ಆಗಂಗಿಲ್ಲ.’

‘ಇರ್ಲಿ, ಇರ್ಲಿ. ನಾವು ದೂರಿಂದ ನೋಡ್ತೀವಿ’ ಎಂದು ಅವರು ನಕ್ಕರು. ಮುಟ್ಟಲಿಲ್ಲ ಮಾತ್ರ.

ನಮ್ಮಿಬ್ಬರಿಗೂ ಒಂದು ಸಮಾನ ವ್ಯಸನ ಇದೆ. ಅಂತರಜಾಲದಲ್ಲಿ ಕಂಪ್ಯೂಟರ್ ಬಗ್ಗೆ ಯಾರು ಏನು ಬರೆದರೂ ಓದುವುದು. ರಾಯರು ಓದಿ ನನಗೆ ಕಳಿಸುತ್ತಾರೆ, ಜೊತೆಗೆ ‘ಓದ್ರಿ’ ಅನ್ನುವ ಒಂದೇ ಪದ. ನಾನು ಓದಿ, ಪರದೆಯ ಜೊತೆ ಗಟ್ಟಿಯಾಗಿ ಜಗಳ ಆಡುತ್ತೇನೆ. ನನ್ನ ಆಫೀಸು ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಇರುವುದರಿಂದ, ಹಿಂದಿನ ಪಡಸಾಲೆಯಲ್ಲಿ ಮಗ್ಗದ ಮೇಲೆ ಕುಳಿತ ಅವ್ವನಿಗೆ ಎಲ್ಲ ಕೇಳಿಸುತ್ತದೆ. ‘ಯಾರ ಜೋಡಿ ಬಾಯಿ ಮಾಡಾಕತ್ತೀಯವ್ವ?’ ಎಂದು ಅಲ್ಲಿಂದಲೇ ಕೂಗುತ್ತಾಳೆ. ‘ಯಾರೋ ಅಮೆರಿಕಾದವನಬೇ’ ಎನ್ನುತ್ತೇನೆ. ‘ಉಂಡಾನೋ ಇಲ್ಲೋ ಪಾಪ’ ಎನ್ನುತ್ತಾಳೆ.

ಜಗಳ ಆಡದೆ ಇರುವುದು ಹೇಗೆ ಹೇಳಿ. ನಾನು ಪ್ರೋಗ್ರಾಮು ಬರೆಯುವ ಭಾಷೆ ಸತ್ತುಹೋಯಿತು ಎಂದು ವರ್ಷಕ್ಕೊಮ್ಮೆ ಯಾರಾದರೂ ಬರೆದೇ ಬರೆಯುತ್ತಾರೆ. ಬಹಳ ದುಃಖದಿಂದ, ಉದ್ದುದ್ದ ಬರೆಯುತ್ತಾರೆ. ನಾನು ಅದನ್ನು ಓದಿ ಮುಗಿಸಿ, ಅದೇ ಸತ್ತ ಭಾಷೆಯಲ್ಲಿ ಅವತ್ತಿನ ಚೀಟಿಗಳನ್ನು ಅಚ್ಚು ಹಾಕಿ, ಊಟಕ್ಕೆ ಏಳುತ್ತೇನೆ. ಇನ್ನೊಬ್ಬರು ಒಳ್ಳೆಯ ಪ್ರೋಗ್ರಾಮರಿನ ದಿನಚರಿ ಬರೆಯುತ್ತಾರೆ. ಸೂರ್ಯ ಹುಟ್ಟುವ ಮುಂಚೆ ಏಳಬೇಕಂತೆ, ತಣ್ಣೀರು ಸ್ನಾನ ಮಾಡಬೇಕಂತೆ, ಎರಡು ತಾಸು ಯಾರೊಂದಿಗೂ ಮಾತಾಡದೆ ಒಂದೇ ಧ್ಯಾನದಲ್ಲಿ ಕೆಲಸ ಮಾಡಬೇಕಂತೆ. ನಮ್ಮ ಓಣಿಯಲ್ಲಿ ಎರಡು ತಾಸು ಯಾರೊಂದಿಗೂ ಮಾತಾಡದಿದ್ದರೆ ಮೈ ಹುಷಾರಿಲ್ಲವೆಂದು ನಾಲ್ಕು ಮನೆಯಿಂದ ಗಂಜಿ ಬರುತ್ತದೆ. ‘ವಿದ್ಯುತ್ತು ಹೋದರೆ’ ಅನ್ನುವ ಅಧ್ಯಾಯ ಈ ದಿನಚರಿಗಳಲ್ಲಿ ಇರುವುದೇ ಇಲ್ಲ. ‘ಬರ್ರಿ, ಚೈತ್ರ ಮಾಸದಾಗ ನಾರಾಯಣಪೇಟಿಗೆ ಬಂದು ಧ್ಯಾನ ಮಾಡ್ರಿ’ ಎಂದು ನಾನು ಪರದೆಗೆ ಆಮಂತ್ರಣ ಕೊಡುತ್ತೇನೆ.

ಒಮ್ಮೆ ಯಾರೋ ಒಬ್ಬರು ವಿಳಾಸಗಳ ಬಗ್ಗೆ ಬರೆದಿದ್ದರು. ಪ್ರೋಗ್ರಾಮು ಬರೆಯುವಾಗ ಮನೆ ನಂಬರು ಬದಲಾಗಬಹುದು, ಬೀದಿ ಹೆಸರು ಬದಲಾಗಬಹುದು, ಆದರೆ ರಾಜ್ಯ ಮಾತ್ರ ಸ್ಥಿರ ಎಂದು ಧೈರ್ಯವಾಗಿ ಇಟ್ಟುಕೊಳ್ಳಬಹುದು ಅನ್ನುವುದು ಅವರ ಮತ. ನನಗೆ ಎಷ್ಟು ನಗು ಬಂತೆಂದರೆ ಅವ್ವ ಮಗ್ಗ ನಿಲ್ಲಿಸಿದಳು. ನಮ್ಮಜ್ಜಿ ಹುಟ್ಟಿದ್ದು ನಿಜಾಮನ ರಾಜ್ಯದಲ್ಲಿ, ಮಕ್ಕಳನ್ನು ಹೆತ್ತದ್ದು ಹೈದರಾಬಾದ್ ರಾಜ್ಯದಲ್ಲಿ, ಮೊಮ್ಮಕ್ಕಳನ್ನು ಆಡಿಸಿದ್ದು ಆಂಧ್ರಪ್ರದೇಶದಲ್ಲಿ. ಮೂರೂ ಇದೇ ಮನೆಯಲ್ಲಿ, ಇದೇ ಪಡಸಾಲೆಯಲ್ಲಿ. ಮುದುಕಿ ಒಂದು ಹೆಜ್ಜೆ ಆಚೆ ಇಟ್ಟವಳಲ್ಲ. ನಾಲ್ಕನೆಯದನ್ನು ನೋಡಲಿಕ್ಕೆ ಅವಳು ಇರಲಿಲ್ಲ, ನಾವು ನೋಡಿದೆವು.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕೆಣಕುವ ಒಂದು ಬಗೆಯ ಬರಹ ಇದೆ. ಕಂಪ್ಯೂಟರಿನ ಮೂಲಪುರುಷ ಯಾರು ಗೊತ್ತೇ, ಮಗ್ಗ, ಎಂದು ಅದು ಶುರುವಾಗುತ್ತದೆ. ತೂತು ಹೊಡೆದ ರಟ್ಟುಗಳ ಅದೇ ಚಿತ್ರ. ತೂತು ಇದ್ದಲ್ಲಿ ಎಳೆ ಮೇಲೆ, ಇಲ್ಲದಲ್ಲಿ ಕೆಳಗೆ, ಇದೇ ಮೊದಲ ಪ್ರೋಗ್ರಾಮು, ಎಂಥ ಸೋಜಿಗ, ಇತ್ಯಾದಿ. ಎರಡನೇ ಪ್ಯಾರಾದಲ್ಲಿ ಮಗ್ಗವನ್ನು ಬಿಟ್ಟು ಯಂತ್ರಗಳಿಗೆ ಹಾರಿಬಿಡುತ್ತಾರೆ. ಮೊದಲ ಸಲ ಓದಿದಾಗ ನನಗೆ ಹೆಮ್ಮೆ ಆಯಿತು. ಐದಾರು ಸಲ ಆದಮೇಲೆ ಸಿಟ್ಟು ಬರತೊಡಗಿತು. ಯಾಕೆಂದರೆ ಇಷ್ಟು ಜನ ಮಗ್ಗದ ಬಗ್ಗೆ ಬರೆದರೂ, ಹಾಸು ಮುಗಿದಾಗ ಏನು ಮಾಡುತ್ತಾರೆ ಎಂದು ಒಬ್ಬರೂ ಬರೆದಿಲ್ಲ.

ಹಾಸು ಎಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳು, ಸಾವಿರಾರು. ಒಂದೊಂದು ಎಳೆಯೂ ಬಾಚಣಿಗೆಯಂಥ ಹಣಿಗೆಯ ಒಂದೊಂದು ಹಲ್ಲಿನ ಸಂದಿಯಲ್ಲಿ ಹೋಗಬೇಕು, ಯಾವುದು ಅಂಚಿನದು, ಯಾವುದು ಒಡಲಿನದು ಎಂದು ಲೆಕ್ಕ ಇರುತ್ತದೆ. ಕೆಲವು ಸೀರೆ ನೇಯ್ದ ಮೇಲೆ ಹಾಸು ಮುಗಿಯುತ್ತದೆ. ಆಗ ಹೊಸ ಹಾಸನ್ನು ಮತ್ತೆ ಮೊದಲಿನಿಂದ ಹಣಿಗೆಗೆ ಪೋಣಿಸುತ್ತಾ ಕೂತರೆ ದಿನಗಟ್ಟಲೆ ಮಗ್ಗ ನಿಂತಂತೆ. ಅದಕ್ಕೇ ಹಳೆಯ ಹಾಸಿನ ತುದಿಯನ್ನು ಹಣಿಗೆಯಲ್ಲಿ ಹಾಗೇ ಬಿಟ್ಟಿರುತ್ತಾರೆ. ಹಳೆಯ ಮೊದಲ ಎಳೆ, ಹೊಸ ಮೊದಲ ಎಳೆ, ಎರಡನ್ನೂ ಸೇರಿಸಿ ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಹುರಿ. ಬೆರಳು ಜಾರಬಾರದೆಂದು ಚಿಟಿಕೆ ಬೂದಿ. ಆಮೇಲೆ ಎರಡನೆಯದು, ಮೂರನೆಯದು. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ಎಲ್ಲ ಕೆಚ್ಚಿದ ಮೇಲೆ ಹಳೆಯದನ್ನು ಮೆಲ್ಲಗೆ ಮುಂದಕ್ಕೆ ಎಳೆದರೆ ಹೊಸ ಹಾಸು ತಾನೇ ತನ್ನ ತನ್ನ ಸಂದಿಯಲ್ಲಿ ಹಿಂಬಾಲಿಸಿ ಬರುತ್ತದೆ. ಹಣಿಗೆಗೆ ಹಾಸು ಬದಲಾದದ್ದೇ ಗೊತ್ತಾಗುವುದಿಲ್ಲ.

ಚಿಕ್ಕಂದಿನಲ್ಲಿ ಶಾಲೆಯಿಂದ ಬಂದ ಕೂಡಲೇ ನನ್ನನ್ನು ಅವ್ವ ಕೆಚ್ಚಲು ಕೂರಿಸುತ್ತಿದ್ದಳು. ಅವಳು ಬಲದ ಅಂಚಿನಿಂದ, ನಾನು ಎಡದ ಅಂಚಿನಿಂದ. ನಡುವೆ ಎಲ್ಲೋ ನಮ್ಮ ಬೆರಳುಗಳು ಭೇಟಿಯಾಗಬೇಕು. ಅವಳ ಕೈ ಕಣ್ಣಿಗೆ ಕಾಣದಷ್ಟು ಜಲ್ದಿ ಓಡುತ್ತಿತ್ತು, ನನ್ನದು ಕುಂಟುತ್ತಿತ್ತು. ಹಾಗಾಗಿ ಭೇಟಿಯ ಜಾಗ ಯಾವಾಗಲೂ ನನ್ನ ಮೊಣಕಾಲಿನ ಹತ್ತಿರವೇ. ಬೇಸರವೆಂದರೆ ಅಂಥ ಬೇಸರದ ಕೆಲಸ ಇನ್ನೊಂದಿಲ್ಲ. ಹೊರಗೆ ಓಣಿಯಲ್ಲಿ ಗೆಳತಿಯರು ಕುಂಟಾಬಿಲ್ಲೆ ಆಡುವುದು ಕೇಳಿಸುತ್ತಿತ್ತು. ಬೂದಿ ಮೆತ್ತಿದ ಬೆರಳಿನಿಂದ ಮೂಗು ತುರಿಸಿಕೊಂಡು, ಮುಖದ ತುಂಬ ಮೀಸೆ ಬರೆದುಕೊಂಡು ನಾನು ಕೂತಿರುತ್ತಿದ್ದೆ. ಒಂದು ದಿನ ಮಾತ್ರ ನಮ್ಮ ಬೆರಳುಗಳು ನಟ್ಟನಡುವೆ ಸೇರಿದವು. ಅವ್ವ ಎದ್ದಳು. ಒಳಗೆ ಹೋಗಿ, ಮಂಡಾಳು, ಅಂದರೆ ಮಂಡಕ್ಕಿಗೆ ಒಗ್ಗರಣೆ ಹಾಕಿ, ನನ್ನ ತಟ್ಟೆಗೆ ಒಂದು ಮೆಣಸಿನಕಾಯಿ ಬಜ್ಜಿ ಹೆಚ್ಚು ಹಾಕಿದಳು. ಆ ಬಜ್ಜಿಯ ಖಾರ ಇವತ್ತಿಗೂ ನೆನಪಿದೆ.

ಈಗ ಅಡ್ಡದಾರಿ ಬಿಟ್ಟು ದೊಡ್ಡ ರಸ್ತೆಗೆ ಬರೋಣ. ಹೊಸ ರಾಜ್ಯ ಬಂತು. ಜೂನ್ ಎರಡನೇ ತಾರೀಕಿನಿಂದ ನಾವು ತೆಲಂಗಾಣದವರು ಎಂದು ಗೊತ್ತಾದಾಗ ಊರಿಗೆಲ್ಲ ಹುರುಪು. ‘ಮೊದಲ್ನೇ ಚೀಟಿ ನಮ್ಮ ಪೆಟ್ಟಿಗಿದೇ ಆಗಬೇಕ್ರಿ, ಮ್ಯಾಲ ತೆಲಂಗಾಣ ಅಂತ ಇರಬೇಕು’ ಎಂದು ಸೀರೆ ವ್ಯಾಪಾರಿಗಳು ಮುಂಗಡವಾಗಿ ಹೇಳಿ ಹೋಗುತ್ತಿದ್ದರು. ನನಗೂ ಖುಷಿಯೇ. ಆದರೆ ಖುಷಿಯ ಜೊತೆಗೇ ಒಂದು ತೊಡಕೂ ಇತ್ತು. ನಮ್ಮ ಪಾರ್ಸೆಲ್ ನಂಬರು ಶುರುವಾಗುವುದೇ ಹಳೆಯ ರಾಜ್ಯದ ಎರಡಕ್ಷರದಿಂದ. ಲಾರಿ ನಂಬರಿನ ಹಾಗೆ ಗತ್ತಾಗಿ ಕಾಣಲಿ ಎಂದು ರಾಯರೇ ಆಸೆಪಟ್ಟು ಹಾಕಿಸಿದ್ದು. ಆ ಎರಡಕ್ಷರ ಪ್ರೋಗ್ರಾಮಿನ ಮೂಲೆಮೂಲೆಯಲ್ಲೂ ಕೂತುಬಿಟ್ಟಿದ್ದವು.

ಅದೇ ಹೊತ್ತಿಗೆ ಯಾವನೋ ಪುಣ್ಯಾತ್ಮ ಒಂದು ಲೇಖನ ಬರೆದ. ಹಳೆಯ ಪ್ರೋಗ್ರಾಮಿಗೆ ತೇಪೆ ಹಾಕುತ್ತಾ ಕೂರುವುದು ಹೇಡಿತನ, ಕೆಡವಿ ಹೊಸದಾಗಿ ಕಟ್ಟುವವನೇ ವೀರ, ಎನ್ನುವುದು ಸಾರಾಂಶ. ರಾಯರು ಕಳಿಸಿದರು. ಈ ಸಲ ‘ಓದ್ರಿ’ ಎಂದು ಬರೆದು ಸುಮ್ಮನಾಗಲಿಲ್ಲ, ಮರುದಿನ ತಾವೇ ನಾರಾಯಣಪೇಟೆಗೆ ಬಂದರು.

‘ಓದಿದ್ರ್ಯಾ, ಶರಣಮ್ಮ?’

‘ಓದೀನ್ರಿ.’

‘ಏನನಸ್ತದ?’

‘ಬರದಾತನ ಕೌಂಟರ್ ಮುಂದ ಮಂದಿ ನಿಂತಿರಂಗಿಲ್ಲ ಬಿಡ್ರಿ. ನಿಂತಿದ್ರ ಇಷ್ಟು ಧೈರ್ಯಲೆ ಬರೀತಿರಲಿಲ್ಲ.’

ರಾಯರು ನಗಲಿಲ್ಲ. ಕುರ್ಚಿಯನ್ನು ಎಂದಿನಂತೆ ಡಬ್ಬಿಯಿಂದ ದೂರ ಎಳೆದುಕೊಂಡು ಕೂತರು. ‘ನೋಡ್ರಿ, ನಿಮಗ ಬ್ಯಾಸರ ಆಗ್ತದ, ನನಗ ಗೊತ್ತದ. ಹೈದರಾಬಾದಿನವರಿಗೆ ಹೇಳೀನಿ. ಕಿರಣ್ ಅಂತ, ಶಾಣ್ಯಾ ಮನುಷ್ಯ. ಹೊಸಾದು ಕಟ್ಲಿಕತ್ತಾನ. ಇನ್ಮ್ಯಾಲ ಕಂಪ್ಯೂಟರ್ ಕೆಲಸ ಎಲ್ಲಾ ಅಲ್ಲಿಂದನ. ನಿಮಗೂ ಅಲ್ಲೊಂದು ಕುರ್ಚಿ ಇಟ್ಟೀನಿ, ಬರ್ತೀನಂದ್ರ.’

ಹಿಂದಿನ ಪಡಸಾಲೆಯಲ್ಲಿ ಮಗ್ಗದ ಸದ್ದು ನಿಂತಿತು. ಅವ್ವನ ಕಿವಿ ಬಹಳ ಚುರುಕು.

ನನಗೆ ಹೋಗುವುದು ಬೇಕಿರಲಿಲ್ಲ. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಆ ಮಗ್ಗದ ಸದ್ದು ಗೋಡೆಯಾಚೆ ಇದ್ದರೇ ನನಗೆ ತಲೆ ಓಡುವುದು. ಅದಕ್ಕಿಂತ ಹೆಚ್ಚಾಗಿ, ಆ ಪ್ರೋಗ್ರಾಮು ನನ್ನದು. ಅದನ್ನು ಕೆಡವುತ್ತೇವೆ ಎಂದು ಇಷ್ಟು ಮೆತ್ತಗೆ, ಇಷ್ಟು ಮರ್ಯಾದೆಯಿಂದ ಹೇಳಿದ್ದು ಕೇಳಿ ನಾನು ಡಬ್ಬಿಯನ್ನು ನನ್ನ ಕಡೆ ಎಳೆದುಕೊಂಡೆ.

‘ರಾಯರ, ಕೆಡವಾದ್ ಬ್ಯಾಡ್ರಿ. ನಾನು ಕೆಚ್ಚತೀನಿ.’

‘ಏನ್ ಮಾಡ್ತೀರಿ?’

ನಾನು ಅವರನ್ನು ಎಬ್ಬಿಸಿಕೊಂಡು ಹಿಂದಿನ ಪಡಸಾಲೆಗೆ ಹೋದೆ. ನನ್ನ ಅದೃಷ್ಟ ನೋಡಿ, ಅದೇ ಹೊತ್ತಿಗೆ ಹಳೆಯ ಹಾಸು ಮುಗಿದು, ಅವ್ವ ಹೊಸದನ್ನು ಕೆಚ್ಚಲು ಕೂತಿದ್ದಳು. ರಾಯರು ಸೀರೆ ಪೆಟ್ಟಿಗೆಗಳನ್ನು ಸಾಗಿಸುವುದರಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು, ಆದರೆ ಕೆಚ್ಚುವುದನ್ನು ಯಾವತ್ತೂ ನಿಂತು ನೋಡಿರಲಿಲ್ಲ. ಬಹಳ ಹೊತ್ತು ನೋಡಿದರು. ಆಮೇಲೆ ಹಳೆಯದೂ ಹೊಸದೂ ಸೇರಿದ ಗೇಣುದ್ದದ ಜಾಗವನ್ನು ತೋರಿಸಿ, ‘ಇಲ್ಲಿ ಹಳೇದೂ ಅದ, ಹೊಸದೂ ಅದ. ಇದು ಯಾವ ಸೀರಿಗೆ ಬರ್ತದ?’ ಎಂದು ಕೇಳಿದರು.

‘ಯಾವ್ದಕ್ಕೂ ಇಲ್ರಿ’ ಎಂದಳು ಅವ್ವ, ‘ಅದು ಹಣಿಗಿ ದಾಟೂತನ ಸುಮ್ನ ಬಿಡಬೇಕು.’

ರಾಯರು ಮಾಲೀಕರೇ ಆದರೂ ನ್ಯಾಯಸ್ಥರು. ಮುಂದಿನ ಕೋಣೆಗೆ ಬಂದವರೇ ತೀರ್ಪು ಕೊಟ್ಟರು. ‘ಆತು. ನಾರಾಯಣಪೇಟೆ, ಮಕ್ತಲ್ ನಿಮ್ಮದು. ಗದ್ವಾಲದಾಗ ಕಿರಣ್‌ದು. ಜೂನ್ ಎರಡಕ್ಕ ಯಾವುದು ನೆಟ್ಟಗ ನಡೀತದೋ ಅದು ಉಳೀತದ. ಮೂರೂ ಊರಿಗೆ ಅದನ. ಆಮ್ಯಾಲ ಮಾತಿಲ್ಲ.’

ಜೂನ್ ಎರಡು ಸೋಮವಾರ ಬಂದಿತ್ತು. ಶಿವನ ವಾರ. ರಾಯರ ಗುರುವಾರಕ್ಕೆ ಬಿದ್ದಿದ್ದರೆ ನನಗೆ ಸ್ವಲ್ಪ ಅಳುಕಿರುತ್ತಿತ್ತೇನೋ.

ನಾನು ಅಂಚಿನಿಂದ ಶುರು ಮಾಡಿದೆ. ಹಳೆಯ ಎರಡಕ್ಷರ ಸಿಕ್ಕ ಒಂದೊಂದು ಜಾಗದಲ್ಲೂ ಅದನ್ನು ಕಿತ್ತು ಹಾಕದೆ, ಅದರ ಪಕ್ಕದಲ್ಲೇ ಹೊಸ ಎರಡಕ್ಷರವನ್ನು ಸೇರಿಸಿದೆ. ಹಳೆಯ ನಂಬರು ಬಂದರೆ ಹಳೆಯ ದಾರಿ, ಹೊಸ ನಂಬರು ಬಂದರೆ ಹೊಸ ದಾರಿ, ಎರಡೂ ಒಂದೇ ಖಾನೆಗೆ ಹೋಗಿ ಮುಟ್ಟಬೇಕು. ಒಂದು ಕಡೆ ಸೇರಿಸಿ, ಎಳೆದು ನೋಡಿ, ಗಟ್ಟಿ ಇದೆ ಎಂದಾದ ಮೇಲೆ ಮುಂದಿನದು. ಇಂಥ ಕೆಲಸವನ್ನು ಕೈಯಿಂದ ಮಾಡಬಾರದು, ಒಂದೇ ಏಟಿಗೆ ಎಲ್ಲ ಕಡೆ ಬದಲಾಯಿಸುವ ಉಪಾಯಗಳಿವೆ ಎಂದು ಅಂತರಜಾಲದ ಪಂಡಿತರೆಲ್ಲ ಬರೆಯುತ್ತಾರೆ. ಬರೆಯಲಿ. ನಾನು ಅಭ್ಯಾಸಬಲದಿಂದ ಪ್ರತಿಯೊಂದಕ್ಕೂ ಬೂದಿ ಡಬ್ಬಿಗೆ ಬೆರಳು ಅದ್ದುತ್ತಿದ್ದೆ. ಕೊನೆಗೆ ಕೀಬೋರ್ಡು ಯಾವ ಬಣ್ಣದ್ದೆಂದು ಗುರುತು ಸಿಗದ ಹಾಗಾಯಿತು. ‘ನಿನ್ನ ಕಂಪ್ಯೂಟರಿಗೆ ಬೂದಿ ಯಾಕ ಬೇಕವ್ವ?’ ಎಂದು ಅವ್ವ ಕೇಳಿದಳು. ‘ಕೈ ಜಾರತೈತಬೇ’ ಎಂದೆ. ಅವಳಿಗೆ ಅದು ಸರಿಯಾದ ಉತ್ತರವೇ ಅನ್ನಿಸಿತು.

ಶನಿವಾರ ಕೆಲಸ ಮುಗಿಯಿತು. ಕೆಚ್ಚಿದ ಪ್ರೋಗ್ರಾಮನ್ನು ಮೂರೂ ಊರಿನ ಯಂತ್ರಗಳಿಗೆ ಕಳಿಸಿದೆ. ಗದ್ವಾಲದಲ್ಲಿ ಅದನ್ನು ತೆರೆಯಬೇಡಿ ಎಂದಷ್ಟೇ ರಾಯರು ಹೇಳಿದ್ದರು. ಕಳಿಸಬೇಡಿ ಎಂದಿರಲಿಲ್ಲವಲ್ಲ.

ಸೋಮವಾರ ಬೆಳಿಗ್ಗೆ ಓಣಿಯಲ್ಲಿ ಹಲಗೆ ಬಡಿತ, ಗುಲಾಲು, ಕಂಡವರ ಬಾಯಿಗೆಲ್ಲ ಸಕ್ಕರೆ. ಆಫೀಸಿನ ಬಾಗಿಲು ತೆಗೆಯುವ ಮೊದಲೇ ಸೀರೆ ಪೆಟ್ಟಿಗೆ ಹೊತ್ತವರು ಕಟ್ಟೆಯ ಮೇಲೆ ಕೂತಿದ್ದರು. ನಾನು ಮೊದಲ ಪಾರ್ಸೆಲ್ಲಿನ ವಿವರ ಹಾಕಿದೆ. ಅಚ್ಚಿನ ಯಂತ್ರ ಸ್ವಲ್ಪ ಗುರ್ ಅಂದು, ಚೀಟಿಯನ್ನು ಹೊರಗೆ ತಳ್ಳಿತು. ನಂಬರಿನ ಮೊದಲಿಗೆ ಹೊಸ ಎರಡಕ್ಷರ, ಕೆಳಗೆ ದಪ್ಪಕ್ಷರದಲ್ಲಿ ತೆಲಂಗಾಣ. ವ್ಯಾಪಾರಿ ಅದನ್ನು ಪೆಟ್ಟಿಗೆಗೆ ಅಂಟಿಸಲು ಬಿಡಲೇ ಇಲ್ಲ, ಮನೆಯಲ್ಲಿ ತೋರಿಸಬೇಕು, ಇನ್ನೊಂದು ತೆಗೆದುಕೊಡಿ ಎಂದು ಹಟ ಮಾಡಿದ. ಅಷ್ಟರಲ್ಲಿ ಮಕ್ತಲ್ ಕೌಂಟರಿನ ಖಾಜಾ ಮಿಯಾರ ಫೋನು. ‘ಶರಣಮ್ಮಕ್ಕ, ಹಳೇ ಚೀಟಿ ತಂದೋರಿಗೂ ಪೆಟ್ಟಿಗಿ ಸಿಗಾಕತ್ತಾವು, ಹೊಸವೂ ಹೋಗಾಕತ್ತಾವು. ನಾ ಒಂದು ಕಪ್ ಚಾ ಕುಡೀಲೇನು?’

‘ಎರಡು ಕುಡೀರಿ, ಮಿಯಾ’ ಎಂದೆ.

ಗದ್ವಾಲದಿಂದ ಸುದ್ದಿ ಇಲ್ಲ. ಸುದ್ದಿ ಇಲ್ಲದ್ದು ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ನಾನು ಉಗುರು ಕಡಿಯುತ್ತಿದ್ದೆ. ಕಿರಣ್ ಕಟ್ಟಿದ ಪ್ರೋಗ್ರಾಮನ್ನು ನಾನು ನೋಡಿದ್ದೆ. ನಿಜಕ್ಕೂ ಚಂದ ಇತ್ತು. ನನ್ನದಕ್ಕಿಂತ ಎಷ್ಟೋ ಚಂದ. ಅದು ಚೆನ್ನಾಗಿ ನಡೆದರೆ ಹೈದರಾಬಾದಿನ ಕುರ್ಚಿ ನನ್ನನ್ನು ಕಾಯುತ್ತಿತ್ತು.

ಆಮೇಲೆ ರಾಯರ ಫೋನು ಬಂತು. ಹಿಂದೆ ಗದ್ದಲ, ಹೆಂಗಸರ ಧ್ವನಿ.

‘ಶರಣಮ್ಮ, ಧರೂರಿನವರು ಬಂದಾರ. ನಾಳೆ ಮಗಳ ಮದುವಿ. ಧಾರಿ ಸೀರಿ ನಿಮ್ಮ ನಾರಾಯಣಪೇಟಿಯಿಂದ ಬಂದದ, ನಿನ್ನೆ ಸಂಜಿಗೆ ಒಳಗ ಇಟ್ಟಾರ. ಚೀಟಿ ಅವರ ಕೈಯಾಗ ಅದ. ಆದ್ರ ಇದು ಅಂಥಾ ನಂಬರ್ ಇಲ್ಲೇ ಇಲ್ಲ ಅಂತದ್ರೀ. ಬೆಳಿಗ್ಗಿಂದ ಹಳೇ ಚೀಟಿ ತಂದೋರಿಗೆಲ್ಲಾ ಇದೇ ಹಣೇಬರಾ. ಗೋಡೌನಿನ ತುಂಬ ಒಂದೇ ನಮೂನಿ ಪೆಟ್ಟಿಗಿ, ಯಾವದಂತ ಹುಡುಕೋದು? ಧರೂರ ಬಸ್ಸು ನಿಂತದ, ಅದು ಹೋದ್ರ ಇವರು ಹ್ಯಾಂಗ ಮುಟ್ತಾರ?’

ನನಗೆ ಕೂಡಲೇ ತಿಳಿಯಿತು. ಕಿರಣ್ ಒಂದೇ ಏಟಿಗೆ ತನ್ನ ಪ್ರೋಗ್ರಾಮಿನ ಎಲ್ಲ ನಂಬರುಗಳನ್ನೂ ಹೊಸ ರಾಜ್ಯಕ್ಕೆ ಬದಲಾಯಿಸಿದ್ದ. ಅದರೊಳಗೆ ಹಳೆಯದರ ಗುರುತೂ ಉಳಿದಿರಲಿಲ್ಲ, ಅಷ್ಟು ಶುಭ್ರ. ಆದರೆ ಜನರ ಕೈಯಲ್ಲಿದ್ದ ಚೀಟಿಗಳು, ಲಾರಿಯಲ್ಲಿದ್ದ ಪೆಟ್ಟಿಗೆಗಳು ಇನ್ನೂ ಹಳೆಯ ರಾಜ್ಯದಲ್ಲೇ ಇದ್ದವು. ಆ ಗೇಣುದ್ದದ ಜಾಗವನ್ನು ಅವನು ಬಿಟ್ಟಿರಲಿಲ್ಲ. ನಿನ್ನೆಯವರೆಗಿನ ಲೆಕ್ಕ ನನ್ನ ಪ್ರೋಗ್ರಾಮಿನಲ್ಲಿ ಮಾತ್ರ ಹಾಗೇ ಇತ್ತು.

‘ರಾಯರ, ಪರದೆದ ಎಡಗಡಿ ಮೂಲ್ಯಾಗ ನೋಡ್ರಿ. ನನ್ನ ಪ್ರೋಗ್ರಾಮಿಂದು ಹಳೇ ಗುರುತು ಐತಲ್ರಿ, ಅದನ್ನ ಒತ್ರಿ.’

‘ಅದು ಹಳೇದಲ್ಲ?’

‘ಹಳೇದೂ ಐತ್ರಿ, ಹೊಸದೂ ಐತಿ. ಒತ್ರಿ ಮೊದಲು.’

ರಾಯರು ಒತ್ತಿದರು. ಹಳೆಯ ಚೀಟಿಯ ನಂಬರನ್ನು ಗಟ್ಟಿಯಾಗಿ ಓದುತ್ತಾ ತಾವೇ ಕುಟ್ಟಿದರು. ಒಂದು ಕ್ಷಣ ಫೋನಿನಲ್ಲಿ ಬರೀ ಗದ್ದಲ. ಆಮೇಲೆ ಅವರು ಖಾನೆಯ ನಂಬರು ಕೂಗಿದ್ದು, ಯಾರೋ ಒಳಗೆ ಓಡಿದ್ದು, ಪೆಟ್ಟಿಗೆಯ ಹಗ್ಗ ಬಿಚ್ಚಿದ್ದು, ಮದುವೆಯ ಹೆಂಗಸರೆಲ್ಲ ಒಟ್ಟಿಗೇ ಮಾತಾಡಿದ್ದು, ಎಲ್ಲ ನಾರಾಯಣಪೇಟೆಗೆ ಕೇಳಿಸಿತು. ಮದುಮಗಳ ತಾಯಿ ಇರಬೇಕು, ‘ಸಿಕ್ತಲ್ರೇ ನಮ್ಮವ್ವ, ಸಿಕ್ತು’ ಎಂದು ಅಳುತ್ತಾ ನಗುತ್ತಿದ್ದಳು. ನಾನು ಫೋನು ಹಿಡಿದೇ ಕುರ್ಚಿಯಿಂದ ಎದ್ದು ನಿಂತಿದ್ದೆ. ಯಾರೂ ನೋಡುತ್ತಿಲ್ಲ ಎಂದುಕೊಂಡು ಒಂದು ಸಣ್ಣ ಕುಣಿತವನ್ನೂ ಹಾಕಿದೆ. ಕಟ್ಟೆಯ ಮೇಲಿದ್ದವರೆಲ್ಲ ನೋಡಿದರು. ತೆಲಂಗಾಣ ಬಂದ ಸಂತೋಷ ಎಂದು ತಿಳಿದು ಚಪ್ಪಾಳೆ ತಟ್ಟಿದರು. ಅದೂ ಇತ್ತು ಬಿಡಿ.

ಮಧ್ಯಾಹ್ನದ ಹೊತ್ತಿಗೆ ಗದ್ವಾಲದ ಕೌಂಟರು ಪೂರ್ತಿ ನನ್ನ ಪ್ರೋಗ್ರಾಮಿಗೆ ಬಂದಿತ್ತು. ಸಂಜೆ ಕಿರಣ್ ಫೋನು ಮಾಡಿದ. ‘ಅಕ್ಕಾ, ಮೀರೇಂ ಚೇಶಾರು?’ ಎಂದ. ಏನು ಮಾಡಿದಿರಿ ಎಂದು ಅವನು ಕೇಳಿದ್ದು ಸಿಟ್ಟಿನಿಂದಲ್ಲ, ನಿಜವಾದ ಕುತೂಹಲದಿಂದ. ನಾನು ತೆಲುಗಿನಲ್ಲೇ ಹಾಸು, ಹಣಿಗೆ, ಬೂದಿ ಎಲ್ಲ ವಿವರಿಸಿದೆ. ಕೊನೆಗೆ ಅವನು ನಕ್ಕು, ಆ ಕೆಡವುವ ಲೇಖನವನ್ನು ತಾನೂ ಓದಿದ್ದಾಗಿ, ಮೆಚ್ಚಿದ್ದಾಗಿ ಹೇಳಿದ. ರಾಯರಿಗೆ ಅದನ್ನು ಕಳಿಸಿದ್ದೇ ಅವನಂತೆ.

ಗೆದ್ದವಳ ಹುಮ್ಮಸ್ಸು ಅಷ್ಟಕ್ಕೆ ನಿಲ್ಲುತ್ತದೆಯೇ? ಆ ಲೇಖನದ ಕೆಳಗೆ ನನ್ನ ಹರುಕುಮುರುಕು ಇಂಗ್ಲಿಷಿನಲ್ಲಿ ಒಂದು ಉದ್ದನೆಯ ಉತ್ತರ ಬರೆದೆ. ಮಗ್ಗದ ಹೆಸರು ಹೇಳಿಕೊಂಡು ತಿರುಗುವವರೆಲ್ಲ ಒಮ್ಮೆ ಹಾಸು ಮುಗಿಯುವವರೆಗೂ ಕೂತು ನೋಡಿ ಎಂದು ಶುರು ಮಾಡಿ, ನಿಮ್ಮ ಕೌಂಟರಿನ ಮುಂದೆ ಜನ ನಿಂತಿರಲಿಲ್ಲ ಅನ್ನಿಸುತ್ತದೆ ಎಂದು ಚುಚ್ಚಿ, ಧರೂರಿನ ಧಾರೆ ಸೀರೆಯವರೆಗೂ ತಂದು ನಿಲ್ಲಿಸಿದೆ. ಜಗತ್ತೇ ತಿದ್ದಿಕೊಳ್ಳುತ್ತದೆ ಎಂದು ಕಾದೆ. ಬಂದ ಪ್ರತಿಕ್ರಿಯೆಗಳೆಲ್ಲ ಬೂದಿಯ ಬಗ್ಗೆ. ಯಾವ ಮರದ ಬೂದಿ ಎಂದು ಒಬ್ಬ. ಬೂದಿಯಿಂದ ಕೀಬೋರ್ಡು ಕೆಡುತ್ತದೆ ಎಂದು ಇನ್ನೊಬ್ಬ. ತನ್ನ ಹೊಸ ಭಾಷೆಯಲ್ಲಿ ಬರೆದರೆ ಬೂದಿಯೇ ಬೇಡ ಎಂದು ಮತ್ತೊಬ್ಬ. ಲೇಖನ ಬರೆದಾತ ಮಾತ್ರ ‘ನನ್ನ ಕೌಂಟರಿನ ಮುಂದೆ ಜನ ನಿಂತಿರಲಿಲ್ಲ, ನಿಜ’ ಎಂದು ಒಂದೇ ಸಾಲು ಬರೆದಿದ್ದ. ಅದನ್ನು ಅಚ್ಚು ಹಾಕಿ ಗೋಡೆಗೆ ಅಂಟಿಸಿದ್ದೇನೆ. ಬಂದವರು ಏನದು ಎಂದು ಕೇಳಿದರೆ ಕೂರಿಸಿ ಪೂರ್ತಿ ಕಥೆ ಹೇಳುತ್ತೇನೆ. ಈಗ ಕೇಳುವವರು ಕಡಿಮೆಯಾಗಿದ್ದಾರೆ.

ರಾಯರು ಅವತ್ತಿನಿಂದ ಕೆಡವುವ ಮಾತಾಡಿಲ್ಲ. ಹೈದರಾಬಾದಿನ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದಾರೆ. ಹಳೆಯ ಚೀಟಿಗಳೆಲ್ಲ ಮುಗಿದು, ಆ ಗೇಣು ಹಣಿಗೆ ದಾಟಿದ ದಿನ ನಾನು ಹಳೆಯ ಎರಡಕ್ಷರವನ್ನು ಒಂದೊಂದಾಗಿ ಬಿಡಿಸಿ ತೆಗೆದೆ. ಯಾರಿಗೂ ಗೊತ್ತಾಗಲಿಲ್ಲ, ಗೊತ್ತಾಗಬಾರದು ಕೂಡ.

ಎರಡು ವರ್ಷ ಕಳೆದ ಮೇಲೆ ಮತ್ತೆ ಸುದ್ದಿ. ದಸರೆಗೆ ಗದ್ವಾಲವೇ ಒಂದು ಜಿಲ್ಲೆ ಆಗುತ್ತದಂತೆ. ಚೀಟಿಯ ಮೇಲೆ ರಾಜ್ಯದ ಕೆಳಗೆ ಜಿಲ್ಲೆಯ ಹೆಸರೂ ಇರುತ್ತದೆ, ಅದೂ ಈಗ ಬದಲಾಗಬೇಕು. ಯಾರಾದರೂ ಯಾವುದಾದರೂ ಲೇಖನ ಕಳಿಸುತ್ತಾರೇನೋ ಎಂದು ನಾನು ಕಾದೆ. ಯಾವುದೂ ಬರಲಿಲ್ಲ. ಬದಲಿಗೆ ಒಂದು ಬೆಳಿಗ್ಗೆ, ಹಬ್ಬಕ್ಕೆ ಇನ್ನೂ ಸಾಕಷ್ಟು ದಿನ ಇರುವಾಗಲೇ, ರಾಯರು ಲ್ಯಾಪ್‌ಟಾಪು ಬಗಲಲ್ಲಿಟ್ಟುಕೊಂಡು ನಾರಾಯಣಪೇಟೆಗೆ ಬಂದರು. ಗುರುವಾರ. ಹಣೆಯ ಮೇಲೆ ಅಂಗಾರ ಇನ್ನೂ ಹಸಿಯಾಗಿತ್ತು.

‘ನಮ್ಮೂರಿನ ಹೆಸರು, ಶರಣಮ್ಮ. ಇದನ್ನ ನಾನೇ ಮಾಡಬೇಕು ಅಂತ ಮನಸಾಗ್ಯದ. ನೀವು ಒಂದ್ ಕಡಿಯಿಂದ ಬರ್ರಿ, ನಾ ಒಂದ್ ಕಡಿಯಿಂದ ಬರ್ತೀನಿ.’

‘ಬ್ಯಾಸರ ಬರೂ ಕೆಲಸ ಐತ್ರಿ ರಾಯರ.’

‘ಬರ್ಲಿ.’

ಅವರು ಕುರ್ಚಿಯನ್ನು ಎಳೆದುಕೊಂಡರು. ಹಿಂದಕ್ಕಲ್ಲ, ಮೇಜಿನ ಹತ್ತಿರಕ್ಕೆ. ಅಂಗಿಯ ತೋಳು ಮೇಲೆ ಮಡಚಿದರು. ಹಿಂದಿನ ಪಡಸಾಲೆಯಲ್ಲಿ ಮಗ್ಗದ ಸದ್ದು ನಿಂತಿತು. ರಾಯರು ತಗಡಿನ ಡಬ್ಬಿಯ ಮುಚ್ಚಳ ತೆಗೆದು, ಹೆಬ್ಬೆರಳು ತೋರುಬೆರಳು ಎರಡನ್ನೂ ಬೂದಿಯಲ್ಲಿ ಚೆನ್ನಾಗಿ ಅದ್ದಿದರು.

‘ಹೇಳ್ರಿ, ಎಲ್ಲಿಂದ ಶುರು ಮಾಡೋದು?’

‘ಅಂಚಿನಿಂದ್ರಿ’ ಎಂದೆ ನಾನು.